ಸೂಗಮ್ಮನ ಕೈ

ನಮ್ಮ ಮಾವನವರ ಇಷ್ಟಲಿಂಗ ಕಳೆದುಹೋದಾಗ ಅದು ಅವರ ಅಂಗೈಯಲ್ಲೇ ಇತ್ತು. ಅತ್ತೆ, ನನ್ನ ಗಂಡ, ನಾನು, ಮೂವರೂ ಎದುರಿಗೇ ಇದ್ದು ನೋಡುತ್ತಿದ್ದೆವು. ಹೇಳಿದರೆ ಯಾರೂ ನಂಬುವುದಿಲ್ಲ. ನನ್ನ ತವರಿನವರೇ ನಂಬಲಿಲ್ಲ, ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋದ ಮೇಲೆ ಶೀತಲ್ ಕಥೆ ಕಟ್ಟುವುದನ್ನೂ ಕಲಿತಳು ಎಂದು ನಕ್ಕರು. ನಗುವವರು ನಗಲಿ, ನಾನು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅದು ೧೯೯೮ರ ಚಳಿಗಾಲ. ಮಾವನವರು, ಮಹಾರುದ್ರಪ್ಪನವರು, ಬಸವಕಲ್ಯಾಣದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಎಡಗೈಯಲ್ಲಿ ಅರಿವೆಯ ಅಂಚು ಹಿಡಿದು, ಬಲಗೈಯಲ್ಲಿ ಗಜ ಹಾಕಿ, ಗಿರಾಕಿಯ ಮುಖ ನೋಡುತ್ತಲೇ ಅಳೆದು ಹರಿದು ಕೊಡುತ್ತಿದ್ದರು. ಮನೆಯಲ್ಲಿ ಭಾರೀ ಗತ್ತು. ಬೆಳಿಗ್ಗೆ ಎದ್ದು ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಅವರ ಬಾಯಿಗೆ ಒಂದು ಹನಿ ನೀರೂ ಹೋಗುತ್ತಿರಲಿಲ್ಲ. ನನ್ನ ಬಾಯಿ ಅವರಿಗೆ ಸೇರುತ್ತಿರಲಿಲ್ಲ, ಅವರ ಗತ್ತು ನನಗೆ ಸೇರುತ್ತಿರಲಿಲ್ಲ. ಆದರೂ ಪೂಜೆಗೆ ಕೂತ ಮಾವನವರನ್ನು ಬಾಗಿಲಲ್ಲಿ ನಿಂತು ನೋಡುವುದೆಂದರೆ ನನಗೆ ಇಷ್ಟವಿತ್ತು. ಅಷ್ಟು ದರ್ಬಾರಿನ ಮನುಷ್ಯ ತನ್ನ ಅಂಗೈಯ ಮುಂದೆ ಮಾತ್ರ ಸಣ್ಣ ಮಗುವಾಗಿ ಕೂತಿರುತ್ತಿದ್ದರು.

ಅತ್ತೆ ಸೂಗಮ್ಮನವರ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅವರು ಮಾತಾಡುವುದೇ ಕಡಿಮೆ. ‘ಸೂಗಮ್ಮ, ನೀರು’, ‘ಸೂಗಮ್ಮ, ಅಂಗಡಿ ಚಾವಿ’ ಎಂದು ಮಾವನವರು ಕೂಗಿದರೆ ಆ ವಸ್ತು ಅವರ ಎಡಗಡೆಯಿಂದ ಬಂದುಬಿಡುತ್ತಿತ್ತು. ತಂದ ಕೈಯನ್ನು ಅವರು ನೋಡಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವಾಗ ಅಂಚು ಎಡಗೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ಲಕ್ವಾ ಹೊಡೆದಿತ್ತು. ಜೀಪಿನಲ್ಲಿ ಹುಮನಾಬಾದಿಗೆ, ನನ್ನ ತವರು ಓಣಿಯ ಡಾಕ್ಟರ್ ದತ್ತಾತ್ರಿಯವರ ಹತ್ತಿರ ಓಡಿಸಿಕೊಂಡು ಹೋದೆವು, ಅವರು ಸೊಲ್ಲಾಪುರಕ್ಕೆ ಕಳಿಸಿದರು. ಮೆದುಳಿನ ಬಲಭಾಗದಲ್ಲಿ ರಕ್ತ ಕಟ್ಟಿದೆ, ಎಡಗೈ ಎಡಗಾಲು ಹೋಗಿವೆ ಎಂದರು ಅಲ್ಲಿ. ಜೀವ ಉಳಿಯಿತು, ಕೆಲ ವಾರ ಕಳೆದು ಮನೆಗೆ ಕರೆತಂದೆವು.

ಮಾತು ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ. ಅಂಗಡಿಯ ಬಾಕಿ, ಹಬ್ಬ, ಗೋರ್ಟಾದ ಬೀಗರ ಹೆಸರು, ಎಲ್ಲ ನೆಟ್ಟಗೆ ಹೇಳುತ್ತಿದ್ದರು. ಅದೇ ನಮ್ಮ ಕಣ್ಣಿಗೆ ಮಣ್ಣೆರಚಿತು. ತಟ್ಟೆಯ ಬಲಗಡೆಯ ರೊಟ್ಟಿ ತಿಂದು, ಎಡಗಡೆಯ ಪಲ್ಯ ಹಾಗೇ ಬಿಟ್ಟು, “ಸೊಸಿ ಪಲ್ಯಾ ಹಾಕೇ ಇಲ್ಲ” ಎಂದು ದೂರುವರು. ನಾನು ಉರಿದುಕೊಂಡು ತಟ್ಟೆ ತಿರುಗಿಸಿದರೆ, “ಈಗ ಹಾಕಿದಿ ನೋಡು” ಎಂದು ತಿನ್ನುವರು. ನನ್ನ ಗಂಡ ಸಂಜೀವಕುಮಾರ ದಿನಾಲೂ ಅಂಗಡಿಯಿಂದ ಬಂದು ಮಂಚದ ಎಡಗಡೆ, ಕಿಟಕಿಯ ಹತ್ತಿರ ಕೂರುತ್ತಿದ್ದ. ಅಪ್ಪ ಅವನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅವರು ಬೇಡವೆಂದರೂ ಅಂಗಡಿಯಲ್ಲಿ ರೆಡಿಮೇಡ್ ಇಟ್ಟದ್ದಕ್ಕೇ ಈ ಸಿಟ್ಟು ಎಂದು ಇವನು ಒಳಗೊಳಗೇ ಕೊರಗಿದ.

ಆಸ್ಪತ್ರೆಯಲ್ಲಿದ್ದಷ್ಟು ದಿನ ಅತ್ತೆ ಲಿಂಗವನ್ನು ಅವರ ಬಲಗೈಗೆ ಕೊಟ್ಟು ಕಣ್ಣಿಗೊತ್ತಿಸುತ್ತಿದ್ದರು, ಕಾಯಿಲೆಯವರಿಗೆ ಅಷ್ಟೇ ಸಾಕು ಎಂದು ಮಠದ ಅಯ್ಯನವರು ಹೇಳಿದ್ದರು. ದಿಂಬಿಗೊರಗಿ ಕೂರುವಷ್ಟು ಶಕ್ತಿ ಬಂದ ಬೆಳಿಗ್ಗೆ ಮಾವನವರು, “ಇವತ್ತ ನಾನೇ ಪೂಜಿ ಮಾಡತೀನಿ” ಎಂದರು. ನಮಗೆಲ್ಲ ಹಬ್ಬವೇ ಆಯಿತು. ಅತ್ತೆ ಅವರ ಎಡಗೈಯನ್ನು ತೊಡೆಯ ಮೇಲಿಟ್ಟು, ಮಡಚಿಕೊಂಡಿದ್ದ ಬೆರಳು ಬಿಡಿಸಿದರು. ಮಾವನವರು ಬಲಗೈಯಿಂದ ಹಣೆಯ ಬಲ ಅರ್ಧಕ್ಕೆ ಮಾತ್ರ ವಿಭೂತಿ ಹಚ್ಚಿಕೊಂಡು, ಕರಡಿಗೆ ತೆಗೆದು, ಲಿಂಗವನ್ನು ಕಣ್ತುಂಬ ನೋಡಿ, ಎಡ ಅಂಗೈಯಲ್ಲಿಟ್ಟರು.

ಇಟ್ಟವರೇ ಹುಡುಕತೊಡಗಿದರು. ಹಾಸಿಗೆ ತಡವಿದರು, ದಿಂಬಿನ ಕೆಳಗೆ ಕೈಹಾಕಿದರು.

“ಸೂಗಮ್ಮ, ಲಿಂಗ ಎಲ್ಲದ?”

“ನಿಮ್ಮ ಕೈಯಾಗೇ ಅದರಿ.”

“ಯಾರ ಕೈಯಾಗ?”

ಅತ್ತೆ ಆ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಅವರ ಮುಖದ ಬಲಗಡೆಗೆ ತಂದರು. ಆಗ ಕಂಡಿತು. ಮಾವನವರ ಮುಖ ಕೆಂಪಾಯಿತು.

“ಇದು ನಿನ್ನ ಕೈ. ನಿನ್ನ ಕೈ ನನ್ನ ಹಾಸಿಗ್ಯಾಗ ಯಾಕ ಇಟ್ಟಿ? ನನ್ನ ಲಿಂಗ ನಿನ್ನ ಕೈಯಾಗ ಹ್ಯಾಂಗ ಬಂತು? ಕದ್ದಿಯೇನು?”

“ನನ್ನವು ಎರಡೂ ಇಲ್ಲೇ ಅವರಿ, ನೋಡ್ರಿ. ಇದು ನಿಮ್ಮದು.”

ಮಾವನವರು ಮೂರೂ ಕೈಗಳನ್ನು ನೋಡಿದರು. “ಹಂಗಾರ ನಿನಗ ಮೂರು ಕೈ” ಎಂದರು, ಲೆಕ್ಕ ಸರಿಹೋಯಿತು ಎಂಬಂತೆ.

ನನಗೆ ನಗು ಬಂತು, ಅತ್ತೆಯ ಮುಖ ನೋಡಿ ನುಂಗಿಕೊಂಡೆ. ನಲವತ್ತು ವರ್ಷ ಆ ಮನೆಯಲ್ಲಿ ಸವೆದ ಹೆಂಗಸಿಗೆ ಕಳ್ಳಿ ಎನ್ನಿಸಿಕೊಳ್ಳುವ ಗತಿ ಬಂದಿತ್ತು. ಮಾವನವರು ಲಿಂಗ ಕಸಿದುಕೊಂಡು ಮತ್ತೆ ‘ತಮ್ಮ’ ಎಡಗೈಯಲ್ಲಿಟ್ಟರು. ಮತ್ತೆ ಕಳೆಯಿತು. ಹುಡುಕಿಕೊಟ್ಟೆವು, ಇಟ್ಟರು, ಕಳೆಯಿತು. ಕೊನೆಗೆ ಅವರು ಹುಡುಕುವುದನ್ನೇ ಬಿಟ್ಟರು.

“ಲಿಂಗ ನನ್ನ ಅಂಗೈಯಾಗ ನಿಲ್ಲವಲ್ದು. ನನ್ನ ಬಿಟ್ಟು ಹೋಗ್ಯದ ಅದು. ಇನ್ನ ನನಗ ಅನ್ನ ನೀರು ಬ್ಯಾಡ.”

ಲಿಂಗ ಕಳೆದುಕೊಂಡವನು ಜೀವ ಇಟ್ಟುಕೊಳ್ಳಬಾರದು ಎನ್ನುವ ಕಾಲದ ಮನುಷ್ಯ ಅವರು. ನಮಗೆ ಅದು ಹಿಂದಿನವರ ಮಾತು, ಅವರಿಗೆ ವ್ರತ. ಅಯ್ಯನವರು ಬಂದು, ಬಲಗೈಯಲ್ಲಿಟ್ಟು ಪೂಜೆ ಮಾಡಿರಿ, ದೋಷವಿಲ್ಲ ಎಂದರು. “ಎಡಗೈಗೆ ಏನಾಗ್ಯದ್ರಿ ನನಗ? ಗಟ್ಟಿ ಅದ. ಗಟ್ಟಿ ಇದ್ದಾಗ ಬಲಗೈಯಾಗ ಯಾಕ ಇಡಲಿ?” ಎಂದು ಕೇಳಿದರು ಮಾವನವರು. ಅಲುಗಾಡದ ಆ ಎಡಗೈ ಅಲ್ಲೇ ಹಾಸಿಗೆಯ ಮೇಲೆ ಬಿದ್ದಿತ್ತು. ಗಂಜಿಯ ಬಟ್ಟಲು ತುಟಿಗಿಟ್ಟರೆ ಮಾವನವರು ಹಲ್ಲು ಕಚ್ಚಿದರು.

ಮರುದಿನಕ್ಕೆ ಅವರ ತುಟಿ ಒಡೆದವು. ದನಿ ಇಳಿಯಿತು. ಇನ್ನು ಸುಮ್ಮನಿರುವುದು ನನ್ನಿಂದಾಗಲಿಲ್ಲ, ಮೊದಲ ಬಸ್ಸು ಹಿಡಿದು ಹುಮನಾಬಾದಿಗೆ ಹೋಗಿ ಡಾಕ್ಟರ್ ದತ್ತಾತ್ರಿಯವರ ಮುಂದೆ ನಿಂತೆ. ದವಾಖಾನೆ ತುಂಬ ಜನ. ಆದರೂ ನಾನು ಹೇಳಿದ್ದನ್ನು ಅವರು ಪೂರ್ತಿ ಕೇಳಿದರು. ತಟ್ಟೆ, ಅರ್ಧ ವಿಭೂತಿ, ಮೂರು ಕೈ, ಎಲ್ಲ.

“ಹುಚ್ಚ ಅಲ್ಲ ಇದು, ಶೀತಲ್” ಎಂದರು. “ನಿಮ್ಮ ಮಾವ ಸುಳ್ಳೂ ಹೇಳಾಕತ್ತಿಲ್ಲ. ತಲಿಯಾಗ ಎರಡು ಭಾಗ ಅವ ನೋಡು. ಎಡಗಡೀದು ಮಾತು, ಲೆಕ್ಕ ನೋಡತದ. ಬಲಗಡೀದು ಎಡಗೈ ನಡಸತದ, ಅಷ್ಟೇ ಅಲ್ಲ, ಈ ಜಗತ್ತಿನ ಎಡಗಡಿ ಅರ್ಧಾ ನಮಗ ಕಾಣಬೇಕಾದ್ರ ಅದೇ ಎಚ್ಚರ ಇರಬೇಕು. ಅದು ಈಗ ಮಲಗ್ಯದ.”

“ಕಣ್ಣು ಹೋಗ್ಯಾವೇನ್ರಿ ಹಂಗಾರ?”

“ಕಣ್ಣು ಚಲೋ ಅವ. ಕುರುಡನಿಗೆ ಕತ್ತಲ ಅದ ಅಂತ ಗೊತ್ತಿರತದ. ಇವರಿಗೆ ಎಡಗಡಿ ಕತ್ತಲ ಇಲ್ಲ, ಎಡಗಡಿನೇ ಇಲ್ಲ. ಇಲ್ಲದ್ದು ಹೋಗ್ಯದ ಅಂತ ಯಾರಿಗೆ ಅನಸತದ?”

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಎಡಕ್ಕೆ ತಿರುಗಿ ನೋಡಿದೆ. ಗೋಡೆ, ಕ್ಯಾಲೆಂಡರು, ಮಗುವನ್ನೆತ್ತಿಕೊಂಡ ಹೆಂಗಸು. ಇವೆಲ್ಲ ತಾವೇ ಇವೆ, ನಾನು ಸುಮ್ಮನೆ ನೋಡುತ್ತೇನೆ ಎಂದುಕೊಂಡಿದ್ದೆ ಅಷ್ಟು ವರ್ಷ. ನನ್ನ ತಲೆಯೊಳಗೆ ಯಾರೋ ಹಗಲೆಲ್ಲ ಅವನ್ನು ನನಗಾಗಿ ಎತ್ತಿ ಹಿಡಿದಿದ್ದಾರೆ ಎಂದು ಯಾರೂ ಹೇಳಿರಲಿಲ್ಲ.

“ಮತ್ತ ಆ ಮೂರು ಕೈ?” ಎಂದೆ.

“ಮಾತಿನ ಭಾಗಕ್ಕ ‘ಗೊತ್ತಿಲ್ಲ’ ಅನ್ನೋದು ಬರಂಗಿಲ್ಲ. ನಿಮ್ಮ ಅಂಗಡ್ಯಾಗ ಇಬ್ಬರು ಅಣ್ಣತಮ್ಮರು ಅದಾರ ಅಂತ ತಿಳ್ಕೊ. ಒಬ್ಬಾಂವ ಗಲ್ಲಾದ ಮುಂದ ಕೂತು ಮಾತಾಡಾಂವ, ಇನ್ನೊಬ್ಬಾಂವ ಒಳಗ ಮಾಲ ನೋಡಾಂವ. ಒಳಗಿನಾಂವ ಜಡ್ಡ ಬಿದ್ದ. ಗಿರಾಕಿ ಕೇಳಿದ್ರ ಮುಂದಿನಾಂವ ಸುಮ್ಮ ಕೂಡತಾನೇನು? ಏನೋ ಒಂದು ಹೇಳತಾನ, ಮತ್ತ ತಾನೂ ನಂಬತಾನ.”

“ಅವರು ನೀರೂ ಕುಡಿಯಾಕ ಒಲ್ಲರು ಡಾಕ್ಟ್ರ. ಎರಡ ದಿನ ತಡೀಲಿಕ್ಕಿಲ್ಲ.”

ಡಾಕ್ಟರು ಸ್ವಲ್ಪ ಹೊತ್ತು ಮೇಜಿನ ಮೇಲೆ ಬೆರಳಾಡಿಸಿದರು. “ಒಂದು ಓದೇನಿ, ಮಾಡಿ ನೋಡಿಲ್ಲ. ಎಡಗಿವಿಯಾಗ ತಣ್ಣನ ನೀರು ಬಿಟ್ರ ಬಲಗಡಿ ಭಾಗ ಸ್ವಲ್ಪ ಹೊತ್ತು ಎಚ್ಚರ ಆಗತದಂತ. ಆಗಲೂಬಹುದು, ಆಗಲಿಕ್ಕಿಲ್ಲ. ನಡಿ, ನೋಡೋಣ” ಎಂದು ಎದ್ದರು.

ಕಲ್ಯಾಣಕ್ಕೆ ಬಂದವರೇ ಕಿವಿಯೊಳಗೆ ಬ್ಯಾಟರಿಯ ಬೆಳಕು ಹಾಕಿ, ಕಿವಿತಮಟೆ ಸರಿಯಿದೆ ಎಂದರು. ಎದುರಿನ ಸೋಡಾ ಅಂಗಡಿಯಿಂದ ಬರ್ಫದ ಗಡ್ಡೆ ತರಿಸಿ ನೀರಿಗೆ ಹಾಕಿದರು. ಮಾವನವರು ಕಣ್ಣು ಅರೆತೆರೆದು ಕೇಳಿದರು, “ಕಿವಿಯಾಗ ನೀರು ಬಿಟ್ರ ಲಿಂಗ ತಿರುಗಿ ಬರತದೇನು?”

“ಬರಬಹುದರಿ.”

“ಹಾಕು. ಬಾಯಾಗ ಮಾತ್ರ ಹಾಕಬ್ಯಾಡ.”

ಸೂಜಿ ತೆಗೆದ ಪಿಚಕಾರಿಯಿಂದ ಡಾಕ್ಟರು ಆ ನೀರನ್ನು ಮೆಲ್ಲಗೆ ಎಡಗಿವಿಗೆ ಬಿಟ್ಟರು. ಹೊರಬಂದ ನೀರಿಗೆ ಅತ್ತೆ ಬೋಗುಣಿ ಹಿಡಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಮಾವನವರ ಎರಡೂ ಕಣ್ಣು ತಮ್ಮಷ್ಟಕ್ಕೇ ಎಡಕ್ಕೆ ಜಾರಿದವು, ಬಲಕ್ಕೆ ಜಿಗಿದವು, ಮತ್ತೆ ಎಡಕ್ಕೆ ಜಾರಿದವು. ನನಗೆ ಹೆದರಿಕೆಯಾಗಿ ಬಾಗಿಲ ಚೌಕಟ್ಟು ಹಿಡಿದೆ. ಕಣ್ಣು ನಿಂತ ಮೇಲೆ ಅವರು ಹುಬ್ಬು ಗಂಟಿಕ್ಕಿ ಎಡಗಡೆ ನೋಡಿದರು.

“ಕಿಡಕಿ ಯಾವಾಗ ತಗದ್ರಿ?”

ಆ ಕಿಟಕಿ ಅವರು ಮನೆಗೆ ಬಂದ ದಿನದಿಂದ ತೆರೆದೇ ಇತ್ತು.

ಅವರ ನೋಟ ಕಿಟಕಿಯಿಂದ ಕೆಳಗಿಳಿದು ಅಲ್ಲಿ ಕೂತವನ ಮೇಲೆ ನಿಂತಿತು. “ಸಂಜೀವ, ಊರಿಂದ ಯಾವಾಗ ಬಂದಿ? ಒಂದ ಸಲಾನೂ ಅಪ್ಪನ ಕಡಿ ಬರಲಿಲ್ಲಲ್ಲೋ.”

“ದಿನಾ ಇಲ್ಲೇ ಇದ್ದೀನಪ್ಪಾ” ಎಂದ ನನ್ನ ಗಂಡ.

“ಹೌದಾ? ರೆಡಿಮೇಡ್ ಹ್ಯಾಂಗ ನಡದಾವು?”

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಇಷ್ಟು ದಿನ ಅವನ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಅಪ್ಪನ ಜಗತ್ತಿನಲ್ಲಿ ಅವನು ಇರಲೇ ಇಲ್ಲ, ಅಷ್ಟೆ. ಒಂದು ಲೋಟ ತಣ್ಣೀರಿಗೆ ಗೋಡೆ, ಕಿಟಕಿ, ಮಗ, ಎಲ್ಲ ಹುಟ್ಟಿ ಬಂದದ್ದನ್ನು ನಾನು ಈ ಕಣ್ಣಿನಿಂದ ಕಂಡೆ. ಇದಕ್ಕಿಂತ ದೊಡ್ಡ ಪವಾಡವನ್ನು ನನಗೆ ಯಾರೂ ತೋರಿಸಬೇಕಾಗಿಲ್ಲ.

ಆಮೇಲೆ ಮಾವನವರು ತಮ್ಮ ತೊಡೆಯ ಮೇಲಿನ ಕೈ ನೋಡಿದರು. ಬಹಳ ಹೊತ್ತು ನೋಡಿದರು. ಬಲಗೈಯಿಂದ ಅದನ್ನು ಮುಟ್ಟಿದರು, ಎತ್ತಿದರು, ಬಿಟ್ಟರು, ಅದು ಸತ್ತಂತೆ ಬಿತ್ತು.

“ಇದು ನಂದೇ” ಎಂದರು. “ಏಳವಲ್ದು. ಸೂಗಮ್ಮ, ನನ್ನ ಕೈ ಹೋಗ್ಯದ.”

ಅಂಥ ಮನುಷ್ಯ ಅಳುವುದನ್ನು ನಾನು ಅಂದೇ ಮೊದಲು ಕಂಡದ್ದು. ಅತ್ತೆ ಆ ಸತ್ತ ಕೈಯ ಬೆರಳು ಬಿಡಿಸಿ ಲಿಂಗ ಇಟ್ಟರು. ಲಿಂಗ ನಿಂತಿತು. ಅವರು ಅಳುತ್ತಲೇ ಅದನ್ನು ನೋಡಿದರು, ನೋಡುತ್ತ ನೋಡುತ್ತ ಅಳು ನಿಂತಿತು, ಮುಖ ಹಳೆಯ ಪೂಜೆಯ ಮುಖವಾಯಿತು. ಡಾಕ್ಟರು ಚಪ್ಪಲಿ ಬಿಟ್ಟೇ ಬಂದಿದ್ದರೂ ಇನ್ನೊಮ್ಮೆ ತಮ್ಮ ಕಾಲು ನೋಡಿಕೊಂಡರು. ಪೂಜೆ ಮುಗಿಸಿ ಮಾವನವರು ಗಂಜಿ ಕುಡಿದರು, ಬಟ್ಟಲ ತಳದವರೆಗೂ.

ಕಿಟಕಿಯ ಹೊರಗಿನ ಬೇವಿನ ಮರದ ಬಗ್ಗೆ ಏನೋ ಹೇಳುತ್ತಿದ್ದವರು ನಡುವೆಯೇ ಬಲಕ್ಕೆ ತಿರುಗಿದರು. ಮಾತು ಮುರಿಯಿತು. “ಧೋತ್ರಾ ಕೊಡು ಸೂಗಮ್ಮ, ಅಂಗಡಿಗೆ ಹೋಗತೀನಿ” ಎಂದರು. ನೀವು ಈಗಷ್ಟೇ ಅತ್ತಿರಿ ಎಂದರೆ, “ನಾ ಯಾಕ ಅಳಲಿ?” ಎಂದು ನಮ್ಮನ್ನೇ ಗದರಿಸಿದರು. ಕಿಟಕಿ, ಮಗ, ಕೈ, ಎಲ್ಲ ಮತ್ತೆ ಮುಳುಗಿದ್ದವು.

ಡಾಕ್ಟರು ನೀರು ಬಿಡುವ ರೀತಿಯನ್ನು ನನಗೆ ಕಲಿಸಿ ಹೋದರು. ಅಂದಿನಿಂದ ನಮ್ಮ ಮನೆಯ ಪೂಜೆಯ ಸಾಮಾನಿನಲ್ಲಿ ವಿಭೂತಿಯ ಗಟ್ಟಿಯ ಪಕ್ಕ ಒಂದು ಪಿಚಕಾರಿಯೂ ಸೇರಿತು. ದಿನಾ ಬೆಳಿಗ್ಗೆ ನೀರು ಬಿಡುವುದು, ಮಾವನವರಿಗೆ ಲೋಕ ತುಂಬಿ ಬರುವುದು, ಕೈ ಹೋದದ್ದು ಹೊಸದಾಗಿ ತಿಳಿಯುವುದು, ಅಳುವುದು, ಪೂಜೆ, ಊಟ, ಆಮೇಲೆ ಮರೆವು. ಲಿಂಗ ಕೊಡಬೇಕಾದರೆ ಆ ದುಃಖವನ್ನೂ ದಿನಾ ಹೊಸದಾಗಿ ಕೊಡಬೇಕಾಗಿತ್ತು. ಹಾಗೆ ಕೊಡುವವಳು ನಾನೇ. ಒಂದು ಬೆಳಿಗ್ಗೆ ತಡೆಯಲಾರದೆ, ಅವರು ಕೈ ಗುರುತಿಸಿ ಅಳುತ್ತಿದ್ದಾಗಲೇ ಕೇಳಿಬಿಟ್ಟೆ.

“ಮಾವಾರ, ಇಷ್ಟು ತ್ರಾಸ ಆಗತದ. ಬ್ಯಾಡಂದ್ರ ಬಿಡತೀನ್ರಿ.”

“ದಿನಾ ಹಾಕವ್ವ” ಎಂದರು. ನನ್ನನ್ನು ಅವರು ‘ಅವ್ವ’ ಎಂದದ್ದು ಅದೇ ಮೊದಲು. “ಅತ್ತರೂ ಹಾಕು. ಅಂಗೈ ನಂದು ಅಂತ ಗೊತ್ತಿಲ್ಲದ ಅದರಾಗ ಲಿಂಗ ಹ್ಯಾಂಗ ಇಡಲಿ?”

ಅತ್ತೆ ಮಾತ್ರ ಎರಡು ಕಡೆಯಿಂದಲೂ ಬೇಯುತ್ತಿದ್ದರು. ನೀರು ಬಿಡುವ ಮೊದಲು ಆ ಕೈಗೆ ಎಣ್ಣೆ ತಿಕ್ಕಿ ಬೆರಳು ಮೃದು ಮಾಡುವುದು ಅವರ ಕೆಲಸ. ತಿಕ್ಕುವಷ್ಟು ಹೊತ್ತೂ ಮಾವನವರು, “ತಗಿ ನಿನ್ನ ಕೈ, ಕಳ್ಳ ಕೈ” ಎನ್ನುವರು. ಅತ್ತೆ ತಲೆಯೆತ್ತದೆ, “ನಿಮ್ಮದೇ ರೀ” ಎಂದು ಅದನ್ನೇ ಹೇಳುವರು.

“ನಿಮಗ ಸಿಟ್ಟು ಬರಂಗಿಲ್ಲೇನ್ರಿ ಅತ್ತ್ಯಾರ?” ಎಂದೆ ಒಮ್ಮೆ, ಒಲೆಯ ಮುಂದೆ ಕೂತಾಗ.

ಅವರು ರೊಟ್ಟಿ ಮಗುಚಿ ಹಾಕಿದರು. “ಹೋಗಲಿ ಬಿಡು. ನಲವತ್ತು ವರ್ಷದಾಗ ಅವರು ನನ್ನ ಕೈ ಇಷ್ಟು ಸಲ ನೋಡಿದ್ದೇ ಇಲ್ಲ” ಎಂದರು. ಸೆರಗಿನ ಮರೆಯಲ್ಲಿ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ನಾನು ಹೆದರಿದ್ದೇ ಆಯಿತು. ಎಡಗಿವಿ ಸೋರತೊಡಗಿತು. ಡಾಕ್ಟರು ಬಂದು ನೋಡಿ ಹನಿ ಔಷಧ ಕೊಟ್ಟು, ಕಿವಿ ಒಣಗುವವರೆಗೆ ಒಂದು ಹನಿ ನೀರೂ ಬಿಡಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದರು. ಬಿಟ್ಟರೆ ಸೋಂಕು ಮೆದುಳಿಗೇ ಹೋದೀತಂತೆ. ಬಿಡದಿದ್ದರೆ ಪೂಜೆಯಿಲ್ಲ, ಪೂಜೆಯಿಲ್ಲದಿದ್ದರೆ ಅನ್ನವಿಲ್ಲ, ಮಾವನವರ ಮೈಯಲ್ಲಿ ಮೊದಲಿನ ಕಸುವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಸಂಜೀವ ಅಂಗಡಿ ತೆರೆಯದೆ ಮನೆಯಲ್ಲೇ ನಿಂತ. ನಾನು ಖಾಲಿ ಪಿಚಕಾರಿ ಹಿಡಿದು ಸುಮ್ಮನೆ ನಿಂತಿದ್ದೆ.

ಅತ್ತೆ ಎಂದಿನಂತೆ ಮಂಚದ ಪಕ್ಕ ಕೂತು ಆ ಎಡಗೈ ಎತ್ತಿದರು. ಅಂದು ಎಣ್ಣೆ ಹಚ್ಚಿರಲಿಲ್ಲ, ಮರೆತಿದ್ದರು. ಕೈಯನ್ನು ಮಾವನವರ ಬಲಗಣ್ಣಿನ ಮುಂದೆ ತಂದು ಹಿಡಿದರು.

“ನೀರೆಲ್ಲಿ?” ಎಂದರು ಮಾವನವರು.

“ಕಿವಿ ಕೆಟ್ಟದರಿ. ನೀರು ಬ್ಯಾಡ ಅಂದಾರ.”

ಮಾವನವರು ಕೈ ನೋಡಿದರು. “ಇದು ನಿನ್ನ ಕೈ.”

ನಾನು ‘ನಿಮ್ಮದೇ ರೀ’ ಎಂಬ ಮಾತಿಗೆ ಕಾದೆ. ಅತ್ತೆ ತಮ್ಮ ಎರಡೂ ಕೈಗಳಿಂದ ಆ ಕೈಯನ್ನು ಹಿಡಿದುಕೊಂಡೇ ಇದ್ದರು. ಪೂಜೆಯ ಹೊತ್ತಿನಲ್ಲಿ ಸುಳ್ಳಾಡಿದ ಹೆಂಗಸಲ್ಲ ಅವರು.

“ಹೌದ್ರಿ” ಎಂದರು. “ನಂದು.”

ಮಾವನವರು ಹೆಂಡತಿಯ ಮುಖ ನೋಡಿದರು. ಜಗಳಕ್ಕೆ ಸಿದ್ಧವಾಗಿ ಬಂದವರು ಎದುರಾಳಿ ಒಪ್ಪಿಕೊಂಡಾಗ ಆಗುವ ಹಾಗೆ ತಬ್ಬಿಬ್ಬಾದರು. ಬಲಗೈ ಕೊರಳಿನ ಕರಡಿಗೆಗೆ ಹೋಯಿತು, ಅಲ್ಲೇ ನಿಂತಿತು.

“ಚಾವಿ ನಿನ್ನ ಕೈಯಾಗೇ ಇರತಿತ್ತು” ಎಂದರು, ತಮಗೆ ತಾವೇ ಹೇಳಿಕೊಂಡಂತೆ. “ಒಂದ ದಿನಾನೂ ಕಳೀಲಿಲ್ಲ.”

“ಇಲ್ರಿ.”

“ಹಂಗಾರ ಹಿಡಿ. ನಿನ್ನ ಕೈಯಾಗಿದ್ರ ಕಳ್ಯಂಗಿಲ್ಲ.”

ಕರಡಿಗೆ ತೆಗೆದು, ಲಿಂಗವನ್ನು ತಾವೇ ಆ ಅಂಗೈಯಲ್ಲಿಟ್ಟರು. ಎಡಕ್ಕೆ ಜಾರಿ ಮಾಯವಾಗದಂತೆ ಅದನ್ನು ತಮ್ಮ ಬಲಗೈಯಿಂದ ಎದೆಯ ಬಲಕ್ಕೆ ಎಳೆದುಕೊಂಡರು. ಲಿಂಗ ನಿಂತಿತು. ಬೇರೆಯವರ ಅಂಗೈಯಲ್ಲಿ ತನ್ನ ಪ್ರಾಣ ಇಟ್ಟವನ ಹಾಗೆ ಕಣ್ಣು ಕದಲಿಸದೆ ಕೂತರು. ತಲೆಯ ಯಾವ ಭಾಗ ಮಲಗಿತ್ತು, ಯಾವುದು ಎದ್ದಿತ್ತು, ನನಗೆ ಗೊತ್ತಿಲ್ಲ. ಆಮೇಲೆ ಡಾಕ್ಟರಿಗೆ ಹೇಳಿದಾಗ, ಇದನ್ನು ತಾವು ಎಲ್ಲೂ ಓದಿಲ್ಲ ಎಂದರು ಅವರು.

ಪೂಜೆ ಮುಗಿಯಿತು. ಮಾವನವರು ಆ ಕೈಯನ್ನು ಬಿಡಲಿಲ್ಲ. ತಮ್ಮ ಬಲಗೈಯ ಹೆಬ್ಬೆರಳಿನಿಂದ ಅದರ ಗೆಣ್ಣು ಗೆಣ್ಣು ತಡವಿದರು, ಅಂದು ಎಣ್ಣೆಯಿಲ್ಲದೆ ಒಣಗಿದ್ದ ಚರ್ಮ ನೋಡಿದರು.

“ಎಷ್ಟ ಒಣಗ್ಯದ ನಿನ್ನ ಕೈ, ಸೂಗಮ್ಮ” ಎಂದರು. “ದುಡದು ದುಡದು ಹಿಂಗಾಗ್ಯದ. ನಾ ನೋಡೇ ಇಲ್ಲ. ಸ್ವಲ್ಪ ಎಣ್ಣಿ ಹಚ್ಚಿಕೊ.”

“ಹಚ್ಚಿಕೋತೀನ್ರಿ” ಎಂದರು ಅತ್ತೆ. ಎದ್ದು ಎಣ್ಣೆಯ ಬಟ್ಟಲು ತಂದು, ಅವರ ಎಡಗಡೆ ಕೂತು, ಆ ಕೈಗೆ ಹಚ್ಚತೊಡಗಿದರು.